ಕಿವಿಯೊಳಗಿನ ಕೋಣೆ

1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು ಬಂದು ನಿಂತದ್ದು ಥಾಣೆಯಲ್ಲಿ. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. 1887ರಲ್ಲಿ ಡೊಂಬಿವಲಿಗೂ ಒಂದು ನಿಲ್ದಾಣವಾಯಿತು. ಖಾಡಿಯ ಆಚೆ ದಡದ ಕೋಳಿವಾಡೆಗಳ, ಉಪ್ಪಿನಾಗರಗಳ ನೆಲಕ್ಕೆ ನವಿಮುಂಬಯಿಯೆಂಬ ನಗರದ ನಕ್ಷೆ ಬರೆಯಲು 1970ರಲ್ಲಿ ಸಿಡ್ಕೊ ಎಂಬ ಸರಕಾರಿ ಸಂಸ್ಥೆ ಹುಟ್ಟಿತು. ಅಲ್ಲಿನ ವಾಶಿಗೆ ರೈಲು ಬರಲು 1992ರವರೆಗೆ ಕಾಯಬೇಕಾಯಿತು. ಮುಂಬಯಿಯಲ್ಲಿ ಕೆಲಸ ಸಿಕ್ಕಿ ಮನೆ ಸಿಗದವರು ಈ ಹಳಿಗಳ ಇಕ್ಕೆಲದಲ್ಲಿ ನೆಲೆಯೂರಿದರು. ಬ್ಯಾಂಕಿನ ಗುಮಾಸ್ತರು, ರೈಲ್ವೆ ನೌಕರರು, ಗಿರಣಿಯ ಮೇಸ್ತ್ರಿಗಳು, ಶಾಲೆಯ ಮಾಸ್ತರರು. ಅವರಲ್ಲಿ ನಮ್ಮ ಕನ್ನಡಿಗರೂ ಸಾವಿರಗಟ್ಟಲೆ ಇದ್ದರು. ಉಡುಪಿ, ಕುಂದಾಪುರ, ಕಾರವಾರ, ಧಾರವಾಡ, ವಿಜಾಪುರಗಳಿಂದ ಬಂದವರು ಡೊಂಬಿವಲಿ ಕರ್ನಾಟಕ ಸಂಘವನ್ನು ಕಟ್ಟಿದರು. ಥಾಣೆಯಲ್ಲಿ ನವೋದಯ ಕನ್ನಡ ಸೇವಾ ಸಂಘ, ವಾಶಿಯಲ್ಲಿ ನವಿಮುಂಬಯಿ ಕನ್ನಡ ಸಂಘ ಎದ್ದವು.

ಅಂದಿನ ಮನೆಗಳ ಅಳತೆಯನ್ನು ತಿಳಿಯದೆ, ಈ ಊರುಗಳ ಎಳೆಯರಿಗೆ ಹಾಡು ಕೇಳುವ ಯಂತ್ರಗಳನ್ನು ಮಾರಿದ ಕಥನ ಅರ್ಥವಾಗದು. ಒಂದು ಕೋಣೆ, ಒಂದು ಅಡುಗೆಮನೆ. ಅದರಲ್ಲಿ ಗಂಡ ಹೆಂಡತಿ, ಇಬ್ಬರು ಮೂವರು ಮಕ್ಕಳು, ಊರಿನಿಂದ ಬಂದ ಅಜ್ಜಿ, ಕೆಲಸ ಹುಡುಕುತ್ತಿರುವ ಸೋದರಮಾವ. ಹಗಲು ಊಟ ಮಾಡುವ ಜಾಗವೇ ರಾತ್ರಿ ಹಾಸಿಗೆಯ ಜಾಗ. ಬಾಗಿಲು ಹಾಕಿಕೊಂಡು ಒಬ್ಬರೇ ಕೂರುವ ಸ್ಥಳ ಯಾರಿಗೂ ಇರಲಿಲ್ಲ, ಹದಿನಾರು ವರ್ಷದವರಿಗಂತೂ ಇಲ್ಲವೇ ಇಲ್ಲ. ಸಂಗೀತವೂ ಹಾಗೆಯೇ ಎಲ್ಲರದು. ರೇಡಿಯೋ ಕಪಾಟಿನ ಮೇಲೆ. ಗಲ್ಫ್‌ನಲ್ಲಿದ್ದ ಚಿಕ್ಕಪ್ಪ ತಂದ ಟು-ಇನ್-ಒನ್ ಅದರ ಪಕ್ಕದಲ್ಲಿ, ಕ್ರೋಶಾ ಕಸೂತಿಯ ಹೊದಿಕೆಯ ಕೆಳಗೆ. ಯಾವ ಕ್ಯಾಸೆಟ್ ಹಾಕಬೇಕೆಂಬುದು ಅಪ್ಪನ ತೀರ್ಮಾನ: ಬೆಳಗ್ಗೆ ಭೀಮಸೇನ ಜೋಶಿಯವರ ಅಭಂಗ, ರವಿವಾರ ಯಕ್ಷಗಾನದ ಪ್ರಸಂಗ. ಹೊರಗೆ ಹೋದರೂ ಸಂಗೀತ ಸಮೂಹದ್ದೇ. ಗಣೇಶೋತ್ಸವದಲ್ಲಿ ಮಂಟಪದ ಧ್ವನಿವರ್ಧಕ. ಕಲ್ಯಾಣದಿಂದ ಹೊರಟ ಲೋಕಲಿನಲ್ಲಿ ತಾಳ ಹಿಡಿದು ಹಾಡುವ ಭಜನಾ ಮಂಡಳಿ. ಆಫೀಸಿಗೆ ಹೋಗುವ ಗಂಡಸರು ಐವತ್ತು ಚಿಲ್ಲರೆ ಕಿಲೋಮೀಟರಿನ ದಾರಿಯನ್ನು ವಿಠ್ಠಲನ ಹೆಸರಿನಲ್ಲಿ ಸವೆಸುತ್ತಿದ್ದರು. ಆ ಹಾಡುಗಾರಿಕೆ ಇಂದಿಗೂ ಅಲ್ಲಲ್ಲಿ ಉಳಿದಿದೆ, ಉಳಿಯಬೇಕು ಕೂಡ. ಆದರೆ ಆ ಯುಗದಲ್ಲಿ ಹಾಡು ಮಾರುವವರಾಗಲೀ ಯಂತ್ರ ಮಾರುವವರಾಗಲೀ ಮಗುವಿನ ಕಡೆ ತಿರುಗಿ, ನಿನಗೇನು ಬೇಕು ಎಂದು ಕೇಳಿದವರಲ್ಲ.

ಕೇಳಿದವರು ಟೋಕಿಯೋದಲ್ಲಿದ್ದರು. ವಿಮಾನದಲ್ಲಿ ಸಂಗೀತ ಕೇಳಲು ಹಗುರವಾದ ಯಂತ್ರ ಬೇಕೆಂದು ಸೋನಿ ಕಂಪನಿಯ ಹಿರಿಯ ಮಸಾರು ಇಬುಕಾ ಬಯಸಿದರು. ಪತ್ರಕರ್ತರಿಗೆಂದು ಮಾಡಿದ್ದ ಪುಟ್ಟ ರೆಕಾರ್ಡರಿನಿಂದ ಧ್ವನಿಮುದ್ರಣದ ಭಾಗವನ್ನು ತೆಗೆದು, ಸ್ಟೀರಿಯೋ ಜೋಡಿಸಿ, ಅದನ್ನು ತಯಾರಿಸಲಾಯಿತು. ಸಂಗೀತ ಕೇಳಲು ಮಾತ್ರ ಬರುವ, ಮುದ್ರಿಸಲು ಬಾರದ ಯಂತ್ರವನ್ನು ಯಾರು ಕೊಳ್ಳುತ್ತಾರೆಂಬ ಸಂದೇಹ ಕಂಪನಿಯೊಳಗೇ ಎದ್ದಿತು. ಕಂಪನಿಯ ಮುಖ್ಯಸ್ಥ ಅಕಿಯೋ ಮೊರಿಟಾ ಮಾತ್ರ ಕದಲಲಿಲ್ಲ. ಎಳೆಯರಿಗೆ ಸಂಗೀತವಿಲ್ಲದೆ ದಿನ ಕಳೆಯದು ಎಂಬುದನ್ನು ಅವರು ತಮ್ಮ ಮನೆಯಲ್ಲೇ ಕಂಡಿದ್ದರು. ಬೇಸಿಗೆ ರಜೆಗೆ ಮುಂಚೆ ಅಂಗಡಿಗೆ ಬರಬೇಕು, ವಿದ್ಯಾರ್ಥಿಯ ಕೈಗೆಟುಕಬೇಕು ಎಂದು ಗಡುವು ಹಾಕಿದರು. 1979ರ ಜುಲೈ 1ರಂದು ವಾಕ್‌ಮನ್ 33,000 ಯೆನ್ ಬೆಲೆಗೆ ಹೊರಬಂತು. ಮೊದಲ ತಿಂಗಳಲ್ಲಿ ಹೋದದ್ದು ಸುಮಾರು 3,000. ಕಂಪನಿ ತನ್ನ ತರುಣ ನೌಕರರ ಕೈಗೆ ವಾಕ್‌ಮನ್ ಕೊಟ್ಟು ಗಿಂಜಾ ಬೀದಿಗೆ, ಯೊಯೊಗಿ ಉದ್ಯಾನಕ್ಕೆ ಕಳಿಸಿತು. ಅವರು ಎದುರಾದ ಹುಡುಗ ಹುಡುಗಿಯರ ಕಿವಿಗೆ ಹೆಡ್‌ಫೋನ್ ಇಟ್ಟು, ಕೇಳಿ ನೋಡಿ ಎಂದರು. ಆಗಸ್ಟ್ ಮುಗಿಯುವಷ್ಟರಲ್ಲಿ ತಯಾರಾಗಿದ್ದ 30,000 ಯಂತ್ರಗಳೂ ಖಾಲಿಯಾದವು.

ಆ ಮೊದಲ ವಾಕ್‌ಮನ್‌ಗೆ ಹೆಡ್‌ಫೋನಿನ ಎರಡು ತೂತುಗಳಿದ್ದವು. ಗುಂಡಿ ಒತ್ತಿದರೆ ಹಾಡಿನ ನಡುವೆಯೇ ಪಕ್ಕದವರೊಡನೆ ಮಾತಾಡುವ ಏರ್ಪಾಡಿತ್ತು. ಗಂಡ ಒಬ್ಬನೇ ಕೇಳುತ್ತ ಕೂತರೆ ತಾನು ಹೊರಗಿನವಳಾದಂತೆ ಎಂದು ಮೊರಿಟಾ ಅವರ ಹೆಂಡತಿ ಬೇಸರಪಟ್ಟದ್ದೇ ಇದಕ್ಕೆ ಕಾರಣವೆಂದು ಅವರೇ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಒಬ್ಬರೇ ಕೇಳುವುದು ಅಸಭ್ಯವೆಂದು ಯಂತ್ರ ಮಾಡಿದವರೇ ಅಂಜಿದ್ದರು. ಕೊಂಡವರಿಗೆ ಆ ಅಂಜಿಕೆ ಇರಲಿಲ್ಲ. ಅವರಿಗೆ ಒಬ್ಬರೇ ಕೇಳುವುದೇ ಬೇಕಿತ್ತು. ಎರಡನೆಯ ತೂತು ಮುಂದಿನ ಮಾದರಿಗಳಲ್ಲಿ ಮಾಯವಾಯಿತು. ಯಂತ್ರವನ್ನು ಯಾರಿಗೆ, ಏಕೆ ಮಾರಬೇಕೆಂಬುದನ್ನು ಕಂಪನಿಗೆ ಕಲಿಸಿದವರು ಆ ಮಕ್ಕಳೇ.

ನಮ್ಮ ಹಳಿಗಳ ಊರುಗಳಿಗೆ ಅದು ನೇರ ದಾರಿಯಲ್ಲಿ ಬರಲಿಲ್ಲ. ವಿದೇಶಿ ಗೃಹಬಳಕೆಯ ವಸ್ತುಗಳಿಗೆ ಸರಕಾರದ ಬಾಗಿಲು ಮುಚ್ಚಿದ್ದ ಕಾಲ. ದುಬೈ, ಮಸ್ಕತ್, ಬಹರೈನ್‌ಗಳಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಸುಗಂಧದ ಬಾಟಲಿಯ ಪಕ್ಕ ವಾಕ್‌ಮನ್ ಬಂತು. ಹಡಗಿನ ಕಳ್ಳದಾರಿಯಲ್ಲಿ ಬಂದದ್ದು ಕ್ರಾಫರ್ಡ್ ಮಾರ್ಕೆಟ್ ಬಳಿಯ ಮುಸಾಫಿರಖಾನೆ, ಮನೀಷ್ ಮಾರ್ಕೆಟ್‌ಗಳ ಗೂಡುಗಳಲ್ಲಿ ಹರಡಿಕೊಂಡಿತು. ಕಲ್ಯಾಣದ ನೆರೆಯಲ್ಲೇ ಇನ್ನೊಂದು ಪೇಟೆಯಿತ್ತು. ದೇಶವಿಭಜನೆಯ ಬಳಿಕ ಸಿಂಧಿ ನಿರಾಶ್ರಿತರು ಹಳೆಯ ಸೈನಿಕ ಶಿಬಿರಗಳಲ್ಲಿ ಬದುಕು ಕಟ್ಟಿದ ಉಲ್ಲಾಸನಗರ. ವಿದೇಶಿ ಮಾಲಿನ ಪ್ರತಿರೂಪವನ್ನು ಸಾಮಾನ್ಯನ ಬೆಲೆಗೆ ಒದಗಿಸುವ ಕಸುಬಿನಲ್ಲಿ ಅದು ಹೆಸರಾಗಿತ್ತು. ಸೋನಿ ಎಂದು ಬರೆದಿರದ, ಆದರೆ ಹುಡುಗರು ವಾಕ್‌ಮನ್ ಎಂದೇ ಕರೆದ ನೂರೆಂಟು ಡಬ್ಬಿಗಳು ಇಂಥ ಪೇಟೆಗಳಿಂದಲೇ ಶಾಲೆಯ ಚೀಲ ಸೇರಿದವು.

ಎಂಬತ್ತರ ದಶಕವಿಡೀ ಈ ಸರಕಿಗೆ ಜಾಹೀರಾತಿನ ಫಲಕ ಬೇಕಾಗಲಿಲ್ಲ. ಲೋಕಲಿನ ಬಾಗಿಲಲ್ಲಿ ಗಾಳಿಗೆ ಮುಖವೊಡ್ಡಿ ನಿಂತ ಕಾಲೇಜು ಹುಡುಗನ ಕಿವಿಯ ಮೇಲಿನ ಸ್ಪಂಜಿನ ಹೆಡ್‌ಫೋನೇ ಜಾಹೀರಾತು. ಅದನ್ನು ಕಂಡ ಕಿರಿಯವನು ಮನೆಗೆ ಹೋಗಿ ಹಟ ಹಿಡಿಯುತ್ತಿದ್ದ. ಹತ್ತನೆಯ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದರೆ ಕೊಡಿಸುತ್ತೇನೆಂದು ಅಪ್ಪ ಮಾತು ಕೊಡುತ್ತಿದ್ದ. ಟೋಕಿಯೋದ ಕಂಪನಿಗೆ ಬೇಸಿಗೆ ರಜೆ ಇದ್ದಂತೆ ಇಲ್ಲಿನ ಅಂಗಡಿಕಾರನಿಗೆ ಎಸ್ಸೆಸ್ಸಿ ಫಲಿತಾಂಶದ ವಾರ ಸುಗ್ಗಿಯಾಯಿತು.

ಯಂತ್ರ ಬಂದರೆ ಸಾಲದು, ಹಾಡೂ ಅಗ್ಗವಾಗಬೇಕಿತ್ತು. ಆ ಕೆಲಸವನ್ನು ಮಾಡಿದವರು ಗುಲ್ಶನ್ ಕುಮಾರ್. ಎಚ್‌ಎಂವಿಯ ಏಕಸ್ವಾಮ್ಯದ ಎದುರು ಅವರ ಟಿ-ಸೀರೀಸ್ ಕ್ಯಾಸೆಟ್ಟಿನ ಬೆಲೆಯನ್ನು ಕೆಳಕ್ಕೆಳೆಯಿತು. ಹಳೆಯ ಹಾಡುಗಳನ್ನು ಹೊಸ ಕಂಠಗಳಲ್ಲಿ ಹಾಡಿಸಿತು. ಪಾನಿನ ಅಂಗಡಿ, ಕಿರಾಣಿ ಅಂಗಡಿಗಳ ಗೋಡೆಯಲ್ಲೂ ಕ್ಯಾಸೆಟ್ ಜೋಡಿಸಿತು. ಜೇಬುಖರ್ಚಿನ ಹಣದಲ್ಲಿ ಹಾಡು ಕೊಳ್ಳಬಹುದೆಂಬುದು ಮಕ್ಕಳಿಗೆ ಮೊದಲು ಗೊತ್ತಾದದ್ದು ಹೀಗೆ. 1997ರ ಆಗಸ್ಟ್ 12ರಂದು ಅಂಧೇರಿಯಲ್ಲಿ ಗುಲ್ಶನ್ ಕುಮಾರ್ ಗುಂಡೇಟಿಗೆ ಬಲಿಯಾದರು. ಅಷ್ಟರಲ್ಲಿ ಕ್ಯಾಸೆಟ್ ಯುಗ ತನ್ನ ತುತ್ತತುದಿ ಮುಟ್ಟಿತ್ತು.

1991ರ ಆರ್ಥಿಕ ಉದಾರೀಕರಣದ ನಂತರ ಕಾಲ ಬದಲಾಯಿತು. ಸ್ಟಾರ್ ಟಿವಿಯೊಡನೆ ಎಂಟಿವಿ ಬಂತು, 1994ರಲ್ಲಿ ಚಾನೆಲ್ ವಿ. ಅದೇ ವರ್ಷ ಸೋನಿ ತನ್ನ ಭಾರತೀಯ ಕಂಪನಿಯನ್ನು ತೆರೆಯಿತು. ಹೊರದೇಶಗಳಲ್ಲಿ ಅದು 1987ರಿಂದಲೇ ‘ಮೈ ಫಸ್ಟ್ ಸೋನಿ’ ಎಂಬ ಕೆಂಪು ಬಣ್ಣದ ಸಾಲನ್ನು ಪುಟ್ಟ ಮಕ್ಕಳಿಗೆಂದೇ ಮಾರುತ್ತಿತ್ತು. ಬಾಲ್ಯದಲ್ಲಿ ಹಿಡಿದ ಹೆಸರನ್ನು ದೊಡ್ಡವನಾದ ಮೇಲೂ ಬಿಡುವುದಿಲ್ಲವೆಂಬ ಲೆಕ್ಕ ಆ ಹೆಸರಿನಲ್ಲೇ ಇತ್ತು. ಅಮೆರಿಕದಲ್ಲಿ 2000ರಲ್ಲಿ ಬಂದ ‘ಹಿಟ್‌ಕ್ಲಿಪ್ಸ್’ ಎಂಬ ಆಟಿಕೆ ಇನ್ನೂ ಮುಂದೆ ಹೋಯಿತು. ಹಾಡಿನ ಒಂದು ನಿಮಿಷದ ತುಣುಕನ್ನಷ್ಟೇ ಚಿಪ್‌ನಲ್ಲಿಟ್ಟು, ಒಂದೊಂದನ್ನೂ ಬೇರೆಯಾಗಿ ಕೊಳ್ಳುವಂತೆ ಮಾಡಿತು. ಎಳೆಯರಿಗೆ ಪೂರ್ತಿ ಹಾಡನ್ನೂ ಕೊಡದೆ ಹಣ ಪಡೆದ ಆ ಬಗೆಯನ್ನು ನಾನು ಮೆಚ್ಚಲಾರೆ.

ಇಲ್ಲಿ ಮಕ್ಕಳನ್ನು ಸೆಳೆದದ್ದು ಅಂಗಡಿಯೇ. ಬೋರಿಬಂದರಿನ ವಿಟಿ ನಿಲ್ದಾಣದ ಎದುರು, ಟೈಮ್ಸ್ ಕಟ್ಟಡದಲ್ಲಿ 1999ರಲ್ಲಿ ಪ್ಲಾನೆಟ್ ಎಂ ಎಂಬ ಸಂಗೀತದ ಅಂಗಡಿ ತೆರೆಯಿತು. ಗೋಡೆಗೆ ತೂಗುಹಾಕಿದ ಹೆಡ್‌ಫೋನ್ ಎತ್ತಿಕೊಂಡು ಹೊಸ ಆಲ್ಬಮ್ಮನ್ನು ಪುಕ್ಕಟೆ ಕೇಳಬಹುದಿತ್ತು. ಕಲ್ಯಾಣ, ಡೊಂಬಿವಲಿಗಳಿಂದ ಮುಂಬಯಿಯ ಕಾಲೇಜಿಗೆ ಬರುವವರಿಗೆ ಮರಳಿ ರೈಲು ಹತ್ತುವ ಮುನ್ನ ಅದೊಂದು ತಂಗುದಾಣವಾಯಿತು. ಕೊಳ್ಳದವರನ್ನೂ ಗದರಿಸದ ಅಂಗಡಿ ಅವರಿಗೆ ಹೊಸದು. ಗಿಂಜಾ ಬೀದಿಯಲ್ಲಿ ನಡೆದ ವ್ಯಾಪಾರದ ಉಪಾಯವೇ ಇಪ್ಪತ್ತು ವರ್ಷಗಳ ತರುವಾಯ ಬೋರಿಬಂದರಿನ ಎದುರು ಮತ್ತೆ ನಡೆಯಿತು.

2001ರ ಏಪ್ರಿಲ್ 1ರಂದು ಆಮದಿನ ಉಳಿದ ಪರಿಮಾಣ ನಿರ್ಬಂಧಗಳೂ ತೆರವಾದವು. ಮರುವರ್ಷ ಮುಂಬಯಿಯಲ್ಲಿ ಖಾಸಗಿ ಎಫ್‌ಎಂ ಕೇಂದ್ರಗಳು ಮಾತಾಡತೊಡಗಿದವು. ಬೆಂಕಿಪೆಟ್ಟಿಗೆಯಷ್ಟೇ ದೊಡ್ಡದಾದ ಚೀನಾದ ಎಫ್‌ಎಂ ರೇಡಿಯೋಗಳು ಇಯರ್‌ಫೋನ್ ಸಮೇತ ಲೋಕಲಿನ ಮಾರಾಟಗಾರರ ಕೈಯಲ್ಲಿ, ಬಾಚಣಿಗೆ, ಕೀಲಿಗೊಂಚಲುಗಳ ನಡುವೆ ತೂಗಿದವು. ಯಾವ ಜಾಹೀರಾತೂ ಗ್ರಾಹಕನೆಂದು ಎಣಿಸದಿದ್ದ ಹುಡುಗರಿಗೂ, ಹೋಟೆಲಿನಲ್ಲಿ ಟೇಬಲ್ ಒರೆಸಿ ರಾತ್ರಿಶಾಲೆಗೆ ಹೋಗುವವರಿಗೂ, ಇದು ಎಟುಕಿತು. ಈ ಇಡೀ ಚರಿತ್ರೆಯಲ್ಲಿ ಅತ್ಯಂತ ನ್ಯಾಯದ ಮಾರಾಟ ನಡೆದದ್ದು ಆ ರೈಲಿನ ಡಬ್ಬಿಯಲ್ಲೇ ಎಂದು ನನ್ನ ನಂಬಿಕೆ.

ಆಪಲ್‌ನ ಐಪಾಡ್ 2001ರ ಅಕ್ಟೋಬರಿನಲ್ಲಿ ಬಂತು. 2003ರಿಂದ ಬಣ್ಣದ ಹಿನ್ನೆಲೆಯಲ್ಲಿ ಕುಣಿಯುವ ಕಪ್ಪು ನೆರಳು, ಬಿಳಿಯ ತಂತಿ, ಇಷ್ಟೇ ಅದರ ಜಾಹೀರಾತು. ನೆರಳಿಗೆ ಮುಖವಿಲ್ಲದ ಕಾರಣ ಯಾರು ಬೇಕಾದರೂ ಅಲ್ಲಿ ತಮ್ಮನ್ನು ಕಾಣಬಹುದಿತ್ತು. ವಾಶಿಯ ಸೆಂಟರ್ ಒನ್ ಮಾಲಿನಲ್ಲಿ ಸುತ್ತಾಡುವ ಹುಡುಗರಲ್ಲಿ ಕೆಲವರಿಗೆ ಅದು ಸಿಕ್ಕಿತು. ಹೆಚ್ಚಿನವರಿಗೆ ಬಿಳಿಯ ತಂತಿ ಮಾತ್ರ ಸಿಕ್ಕಿತು, ಥಾಣೆ ನಿಲ್ದಾಣದ ಹೊರಗಿನ ಗಾಡಿಯಲ್ಲಿ. 2005ರಲ್ಲಿ ಸೋನಿ ಎರಿಕ್ಸನ್ ವಾಕ್‌ಮನ್ ಹೆಸರನ್ನು ಮೊಬೈಲಿಗೆ ಕೊಟ್ಟಿತು. ಅದರ ಬೆನ್ನಿಗೆ ನೋಕಿಯಾದ ಎಕ್ಸ್‌ಪ್ರೆಸ್ ಮ್ಯೂಸಿಕ್ ಕೆಂಪು ಪಟ್ಟಿಯೊಡನೆ ಬಂತು. ಫೋನು ಕಲಿಕೆಗೆ, ಸುರಕ್ಷೆಗೆ ಬೇಕೆಂದು ಮನೆಯಲ್ಲಿ ಒಪ್ಪಿಸುವುದು ಸುಲಭವಾಗಿತ್ತು. ದೀಪಾವಳಿಯ ಬೆಳಗ್ಗೆ ಫಡ್ಕೆ ರಸ್ತೆಯಲ್ಲಿ ಹೊಸಬಟ್ಟೆ ತೊಟ್ಟು ಡೊಂಬಿವಲಿಯ ತರುಣ ತರುಣಿಯರೆಲ್ಲ ನೆರೆಯುವ ವಾಡಿಕೆಯಿದೆ. ಆ ವರ್ಷಗಳಲ್ಲಿ ಅಲ್ಲಿ ಬಟ್ಟೆಯ ಜೊತೆ ಹೊಸ ಫೋನೂ ಪ್ರದರ್ಶನವಾಯಿತು. ಹಾಡು ಎಲ್ಲಿಂದ? ಗಲ್ಲಿಯ ಮೊಬೈಲ್ ಅಂಗಡಿಯಿಂದ. ಮೆಮೊರಿ ಕಾರ್ಡ್ ಕೊಟ್ಟರೆ ಗಣಕಯಂತ್ರದಿಂದ ನೂರಾರು ಹಾಡು ತುಂಬಿಸಿಕೊಡುತ್ತಿದ್ದರು. ಹಕ್ಕುಸ್ವಾಮ್ಯದ ಪ್ರಕಾರ ಅದು ಕಳವು, ಹಾಡಿದವರಿಗೂ ಬರೆದವರಿಗೂ ಅದರಿಂದ ಬಿಡಿಗಾಸು ಸಿಗಲಿಲ್ಲ.

ಈ ಮಾರಾಟಗಾರರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಿಲ್ಲ. ಕಿವಿಗೆ ಹಾಕಿಕೊಂಡರೆ ಕರೆದರೂ ಕೇಳುವುದಿಲ್ಲ ಎಂಬ ಅಮ್ಮಂದಿರ ದೂರು ನಿಜ. ಆದರೆ ಆರು ಮಂದಿಯ ಕೋಣೆಯಲ್ಲಿ ಬೆಳೆದ ಹುಡುಗಿಗೆ ತನ್ನದೆಂಬ ಮೂಲೆ ಮೊದಲು ದೊರೆತದ್ದು ಆ ಎರಡು ಕಿವಿಗಳ ನಡುವೆಯೇ. ಲೇಡೀಸ್ ಡಬ್ಬಿಯ ನೂಕುನುಗ್ಗಲಲ್ಲಿ ಅವಳು ತಾನೇ ಆಯ್ದ ಹಾಡನ್ನು ಕೇಳಿದಳು. ಆ ಆಯ್ಕೆಗೆ ಅಪ್ಪನ ಅನುಮತಿ ಬೇಕಿರಲಿಲ್ಲ, ಅಣ್ಣನ ಅಭಿರುಚಿಯನ್ನೂ ಅದು ಕೇಳಲಿಲ್ಲ. ಕಂಪನಿಗಳು ಇಲ್ಲದ ಹಸಿವನ್ನು ಹುಟ್ಟಿಸಿದವೆಂಬ ಆರೋಪ ಈ ಊರುಗಳ ಮಟ್ಟಿಗೆ ಸಲ್ಲದು. ಹಸಿವು ಆ ಮನೆಗಳ ಅಳತೆಯಲ್ಲೇ ಇತ್ತು. ಕಂಪನಿಗಳ ತಪ್ಪು ಬೇರೆ: ನಿನ್ನೆ ಕೊಂಡದ್ದು ಇಂದು ಹಳತೆಂದು ವರ್ಷವರ್ಷವೂ ಎಳೆಯರನ್ನು ನಂಬಿಸಿದ್ದು, ಮತ್ತು ಧ್ವನಿಯ ಅಪಾಯವನ್ನು ಹೇಳುವಲ್ಲಿ ತಡಮಾಡಿದ್ದು.

ಓಡುವ ರೈಲಿನ ಸದ್ದನ್ನು ಮೀರಲು ಮಗು ಧ್ವನಿ ಏರಿಸುತ್ತದೆ, ದಿನಕ್ಕೆರಡು ಬಾರಿ, ಗಂಟೆಗಟ್ಟಲೆ. ತಂದೆತಾಯಿ ಗುಪ್ತ ಅಂಕಿಯಿಂದ ಧ್ವನಿಗೆ ಮಿತಿ ಹಾಕುವ ಸೌಲಭ್ಯವನ್ನು ಆಪಲ್ 2006ರಲ್ಲಿ ಕೊಟ್ಟಿತು, ಅದೂ ನ್ಯಾಯಾಲಯದಲ್ಲಿ ದಾವೆ ಬಿದ್ದ ಮೇಲೆ. ಜಗತ್ತಿನ 110 ಕೋಟಿ ಯುವಜನರ ಶ್ರವಣಶಕ್ತಿಗೆ ಅಪಾಯವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಎಚ್ಚರಿಸಿತು. 2019ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದೊಡನೆ ಮಾನದಂಡ ಹೊರಡಿಸಿ, ಮಕ್ಕಳಿಗೆ ವಾರಕ್ಕೆ 40 ಗಂಟೆ, 75 ಡೆಸಿಬೆಲ್ ಎಂಬ ಮಿತಿ ಹೇಳಿತು. ಹಳಿಯ ಮೇಲಿನ ಅಪಾಯ ಇದಕ್ಕಿಂತ ಕ್ರೂರ. ಇಯರ್‌ಫೋನ್ ಹಾಕಿ ಹಳಿ ದಾಟುವವರಿಗೆ ಹಿಂದಿನಿಂದ ಬರುವ ಗಾಡಿಯ ಸೀಟಿ ಕೇಳದು. ರೈಲ್ವೆಯೂ ರೈಲ್ವೆ ಪೊಲೀಸರೂ ವರ್ಷಗಳಿಂದ ಇದನ್ನು ಸಾರುತ್ತಲೇ ಇದ್ದಾರೆ.

ಹಾಡಿನ ಯಜಮಾನಿಕೆ ಕೊನೆಗೆ ಇದೇ ನೆಲಕ್ಕೆ ಬಂದು ಸೇರಿತು. ರಿಲಯನ್ಸ್ 2002ರಲ್ಲಿ ನವಿಮುಂಬಯಿಯ ಕೋಪರ್‌ಖೈರಣೆಯಿಂದ ಮೊಬೈಲ್ ಸೇವೆ ಘೋಷಿಸಿ, ಮರುವರ್ಷ 501 ರೂಪಾಯಿ ಕಟ್ಟಿದವರಿಗೆ ಫೋನು ಕೊಟ್ಟಿತು; 2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾದಾಗ ಅದರ ಕೇಂದ್ರ ಪಕ್ಕದ ಘಣ್‌ಸೋಲಿಯಲ್ಲಿತ್ತು. ಅಂತರ್ಜಾಲ ಅಗ್ಗವಾದಂತೆ ಮೆಮೊರಿ ಕಾರ್ಡಿಗೆ ಹಾಡು ತುಂಬುವ ಅಂಗಡಿಗಳ ಕಸುಬು ನಿಂತಿತು. ಆಪಲ್ 2022ರ ಮೇ 10ರಂದು ಐಪಾಡ್ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ತಿಂಗಳೊಳಗೆ, ಜೂನ್ 9ರಂದು, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಜಾಹೀರಾತು ಮಾರ್ಗಸೂಚಿ ಜಾರಿಗೆ ಬಂತು: ಸರಕು ಕೊಳ್ಳಿರೆಂದು ಮಕ್ಕಳನ್ನು ನೇರವಾಗಿ ಪ್ರಚೋದಿಸಬಾರದು, ತಂದೆತಾಯಿಯನ್ನು ಒಪ್ಪಿಸಿ ಎಂದು ಅವರಿಗೆ ಹೇಳಿಕೊಡಬಾರದು. ಹತ್ತನೆಯ ಫಲಿತಾಂಶಕ್ಕಾಗಿ ಕಾದು ಕೂತ ಆ ಹುಡುಗರ ಕಾಲದಲ್ಲಿ ಇಂಥ ನಿಯಮ ಬೇಕಿತ್ತು. ಇಂದಿನ ಮಗುವಿಗೆ ಹಾಡು ಪುಕ್ಕಟೆ ಬರುತ್ತದೆ, ಎರಡು ಹಾಡುಗಳ ನಡುವೆ ಜಾಹೀರಾತು ಬರುತ್ತದೆ. ಮಾರ್ಗಸೂಚಿಯನ್ನು ಹಿಡಿದು ಕೇಳಬೇಕಾದ ಜಾಗ ಈಗ ಅದು.