ಜಾಯಿಕಾಯಿಯಿಂದ ಷೇರುಪೇಟೆಗೆ...

ನಮ್ಮ ಟೀಮಿನಲ್ಲಿ ಕಾಫಿ ಬ್ರೇಕ್ ಅಂದ್ರೆ ಷೇರಿನದ್ದೇ ಮಾತು. ಯಾವುದು ಏರಿತು, ಯಾವುದು ಬಿತ್ತು, ಹೊಸ ಐಪಿಓಗೆ ಅರ್ಜಿ ಹಾಕಿದೆಯಾ ಇತ್ಯಾದಿ. ಈ ಷೇರುಪೇಟೆ ಶುರುವಾಗಿದ್ದಾದರೂ ಎಲ್ಲಿ ಅಂತ ಹುಡುಕಿದರೆ ಸಿಕ್ಕಿದ್ದು ಅಡುಗೆಮನೆ ಡಬ್ಬಿಯ ಜಾಯಿಕಾಯಿ!

ಆಗ ಜಗತ್ತಿಗೆಲ್ಲ ಜಾಯಿಕಾಯಿ, ಜಾಪತ್ರೆ ಬರುತ್ತಿದ್ದದ್ದು ಈಗಿನ ಇಂಡೋನೇಷ್ಯಾದ ಬಾಂಡಾ ಎಂಬ ಪುಟ್ಟ ದ್ವೀಪಗಳಿಂದ. ಹಲವು ವರ್ತಕರ ಕೈ ದಾಟಿ ಯುರೋಪು ಮುಟ್ಟುವಷ್ಟರಲ್ಲಿ ಬೆಲೆ ಹತ್ತಾರು ಪಟ್ಟಾಗಿರುತ್ತಿತ್ತು. ಆ ಲಾಭಕ್ಕೆ ಡಚ್ಚರ ಕಂಪನಿಗಳು ತಮ್ಮತಮ್ಮಲ್ಲೇ ಪೈಪೋಟಿಗೆ ಬಿದ್ದಿದ್ದವು. 1602ರಲ್ಲಿ ಅವನ್ನೆಲ್ಲ ಸೇರಿಸಿ ಡಚ್ ಈಸ್ಟ್ ಇಂಡಿಯಾ ಕಂಪನಿ ಮಾಡಿದರು. ಬಂಡವಾಳ ಸುಮಾರು 64 ಲಕ್ಷ ಗಿಲ್ಡರ್. ಆಮ್‌ಸ್ಟರ್‌ಡ್ಯಾಮ್ ಒಂದರಲ್ಲೇ 1,143 ಜನ ಹಣ ಹಾಕಿದರು. ದೊಡ್ಡ ವರ್ತಕರಷ್ಟೇ ಅಲ್ಲ, ಒಬ್ಬ ಮನೆಗೆಲಸದಾಕೆ ಕೂಡ 100 ಗಿಲ್ಡರ್ ಹಾಕಿದ್ದಳು.

ಅದಕ್ಕೂ ಮುಂಚೆ ಹಡಗು ವಾಪಸ್ ಬಂದರೆ ಲೆಕ್ಕ ಚುಕ್ತಾ. ಇಲ್ಲಿ ಹಾಗಲ್ಲ, ಹತ್ತು ವರ್ಷ ಅಸಲು ಕೇಳುವಂತಿಲ್ಲ. ದುಡ್ಡು ಬೇಕೇ ಬೇಕು ಅಂದರೆ ನಿಮ್ಮ ಪಾಲನ್ನು ಇನ್ನೊಬ್ಬರಿಗೆ ಮಾರಿ, ಕಂಪನಿಯ ಪುಸ್ತಕದಲ್ಲಿ ಹೆಸರು ಬದಲಾಯಿಸಬೇಕು. ಷೇರುಪೇಟೆ ಹುಟ್ಟಿದ್ದು ಹೀಗೆ. 1610ರ ಮೊದಲ ಡಿವಿಡೆಂಡ್ ದುಡ್ಡಲ್ಲ, ಜಾಪತ್ರೆ! :-)

ಇಲ್ಲಿಯವರೆಗೆ ಕಥೆ ಚೆನ್ನಾಗಿದೆ. ಮುಂದಿನದು...

ಡಚ್ಚರಿಗೆ ಮಾತ್ರ ಮಾರಬೇಕೆಂಬ ಕರಾರಿಗೆ ಬಾಂಡಾದ ಜನ ಕಟ್ಟುಬೀಳಲಿಲ್ಲ. ಅಕ್ಕಿ, ಬಟ್ಟೆ ತರುತ್ತಿದ್ದ ಹಳೆಯ ವ್ಯಾಪಾರಿಗಳನ್ನು ಅವರು ಬಿಡುವುದಾದರೂ ಹೇಗೆ? 1621ರಲ್ಲಿ ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್ಸ್‌ಜೂನ್ ಕೂನ್ ಸೈನ್ಯ ಸಮೇತ ಬಂದ. ಊರು ಸುಡಿಸಿದ, ಮುಖಂಡರ ತಲೆ ಕಡಿಸಿದ. ಸುಮಾರು 15,000 ಜನರಿದ್ದ ದ್ವೀಪಗಳಲ್ಲಿ ಕೊನೆಗೆ ಉಳಿದವರು ಸಾವಿರದಷ್ಟು ಅನ್ನುವುದು ಇತಿಹಾಸಕಾರರ ಅಂದಾಜು. ಉಳಿದವರು ಕತ್ತಿಗೋ ಹಸಿವಿಗೋ ಬಲಿಯಾದರು, ಓಡಿಹೋದರು, ಇಲ್ಲವೇ ಗುಲಾಮರಾದರು. ಖಾಲಿಯಾದ ತೋಟಗಳನ್ನು ಡಚ್ಚರಿಗೆ ಹಂಚಿ, ದುಡಿಯಲು ಬೇರೆಡೆಯಿಂದ ಗುಲಾಮರನ್ನು ತಂದರು. ಜಾಯಿಕಾಯಿಯ ಮೇಲೆ ಏಕಸ್ವಾಮ್ಯ ಸಿಕ್ಕಿತು. ಬೆಲೆ ಇಳಿಯದಿರಲೆಂದು ಹೆಚ್ಚಾದ ಮಾಲನ್ನು ಸುಟ್ಟದ್ದೂ ಉಂಟು.

ನಮ್ಮ ಕಸುಬಿನಲ್ಲಿ ಅಬ್‌ಸ್ಟ್ರಾಕ್ಷನ್ ಅಂತೀವಲ್ಲ, ಒಳಗೆ ಏನು ನಡೀತಿದೆ ಅಂತ ಬಳಸುವವರಿಗೆ ಗೊತ್ತಿರಬೇಕಿಲ್ಲ. ಷೇರು ಅಂಥದ್ದೇ ಒಂದು ಡಿಸೈನ್. 100 ಗಿಲ್ಡರ್ ಹಾಕಿದವಳನ್ನು ಕೊಲೆಗಾರ್ತಿ ಅನ್ನಲಾಗದು, ಆದರೆ ಕೂನ್‌ನ ಹಡಗುಗಳಿಗೆ ದುಡ್ಡು ಬಂದದ್ದು ಅಂಥ ಚಿಕ್ಕ ದೊಡ್ಡ ಪಾಲುಗಳಿಂದಲೇ.

1799ರ ಕೊನೆಗೆ ಸಾಲದಲ್ಲಿ ಮುಳುಗಿದ ಕಂಪನಿ ಮುಚ್ಚಿತು. ಡಿಸೈನ್ ಮಾತ್ರ ಉಳಿಯಿತು. ಲಾಭ ಎಷ್ಟು ಅಂತ ಕೇಳುವ ನಾವು ಅದು ಬಂದದ್ದು ಎಲ್ಲಿಂದ ಅಂತಲೂ ಒಮ್ಮೆ ಕೇಳಬೇಕಲ್ಲವೇ? ಏನಂತೀರಿ?