ಪಿನ್‌ಕೋಡ್ ಇಲ್ಲದ ವಿಳಾಸ

ಮನೆತನದ ಹೆಸರು, ಬೀದಿ, ಮಂಗಳೂರು. 1972ರಿಂದ ಜೊತೆಗೊಂದು ಪಿನ್‌ಕೋಡ್. ಗಲ್ಫ್‌ನಿಂದ ಮಗ ಬರೆದ ಕಾಗದ ಮನೆ ಸೇರಲು ಇಷ್ಟು ಸಾಕಿತ್ತು.

1995ರ ಆಗಸ್ಟ್ 15ರಂದು ಸರ್ಕಾರಿ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ದೇಶದ ಮಹಾನಗರಗಳಲ್ಲಿ ಸಾರ್ವಜನಿಕ ಇಂಟರ್ನೆಟ್ ಆರಂಭಿಸಿತು. ಆಗ ಖಾತೆಗಳಲ್ಲೇ ಭೇದವಿತ್ತು: ಬರೀ ಅಕ್ಷರ ತೋರಿಸುವ ಅಗ್ಗದ ಶೆಲ್ ಖಾತೆ, ಚಿತ್ರವೂ ಕಾಣುವ ದುಬಾರಿ ಟಿಸಿಪಿ-ಐಪಿ ಖಾತೆ. ಇಮೇಲ್ ವಿಳಾಸ ಸಂಪರ್ಕಕ್ಕೇ ಅಂಟಿಕೊಂಡಿತ್ತು. ಬೆಂಗಳೂರಿನ ಚಂದಾದಾರರ ವಿಳಾಸದಲ್ಲಿ ‘ಬಿಎಲ್‌ಆರ್’ ಎಂಬ ಊರಿನ ಗುರುತೂ ಇರುತ್ತಿತ್ತು.

ವಿಳಾಸಕ್ಕೂ ಸಂಪರ್ಕಕ್ಕೂ ಇದ್ದ ಈ ಗಂಟನ್ನು ಬಿಚ್ಚಿದವರಲ್ಲಿ ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ಒಬ್ಬರು. ಅವರು ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಹಾಟ್‌ಮೇಲ್ ತೆರೆದರು. ವಿಳಾಸ ಉಚಿತವಾಯಿತು, ಯಾವ ಸೈಬರ್ ಕೆಫೆಯಲ್ಲಿ ಕುಳಿತರೂ ಅಂಚೆಪೆಟ್ಟಿಗೆ ತೆರೆಯಿತು. ಮಕ್ಕಳನ್ನು ಕಡಲಾಚೆಗೆ ಕಳುಹಿಸಿದ ಕರಾವಳಿಯ ಮನೆಗಳಿಗೆ ಇದು ದೊಡ್ಡ ವರ.

2004ರಲ್ಲಿ ಬಂದ ಜಿಮೇಲ್ 1 ಜಿಬಿ ಜಾಗ ಕೊಟ್ಟಿತು. ಹಳೆಯ ಪತ್ರ ಅಳಿಸುವ ಚಿಂತೆ ತಪ್ಪಿತು.

2014ರ ನವೆಂಬರ್ 1ರಂದು ‘ಮ್ಯಾಂಗಲೋರ್’ ಅಧಿಕೃತವಾಗಿ ‘ಮಂಗಳೂರು’ ಆಯಿತು. ಆದರೆ ಇಮೇಲ್‌ನಲ್ಲಿ ಊರಿನ ಹಳೆಯ ಹೆಸರು ಸೇರಿಸಿಕೊಂಡವರ ವಿಳಾಸ ತಾನಾಗಿ ಬದಲಾಗಲಿಲ್ಲ.

ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿದೆ. ಹಿರಿಯರ ಪತ್ರ, ಫೋಟೋಗಳಿರುವ ಹಳೆಯ ಖಾತೆಯನ್ನು ಇಂದೇ ಒಮ್ಮೆ ತೆರೆದು ನೋಡಿ.