ಅಮೆರಿಕದ ರಾಜ್ಯಗಳ ಆರೋಗ್ಯ ವಿಮಾ ಮಾರುಕಟ್ಟೆ: ಕಾಗದದ ಯೋಜನೆಯಿಂದ ಜಾಲತಾಣದವರೆಗೆ

ಆರೋಗ್ಯ ವಿಮಾ ಮಾರುಕಟ್ಟೆ ಎಂಬುದು ಅಮೆರಿಕದಲ್ಲಿ ಅಂತರ್ಜಾಲದ ಮೂಲಕ ನಡೆಯುವ ಒಂದು ಸರ್ಕಾರಿ ವ್ಯವಸ್ಥೆ. ಉದ್ಯೋಗದಾತರಿಂದ ವಿಮೆ ದೊರೆಯದವರು ಖಾಸಗಿ ಕಂಪನಿಗಳ ಪಾಲಿಸಿಗಳನ್ನು ಇಲ್ಲಿ ಒಂದೇ ಕಡೆ ಹೋಲಿಸಿ ನೋಡಬಹುದು, ಅರ್ಹತೆಯಿದ್ದರೆ ಸಹಾಯಧನವನ್ನೂ ಅಲ್ಲಿಯೇ ಪಡೆದು ಖರೀದಿಸಬಹುದು. ಕಾಯ್ದೆಯ ಭಾಷೆಯಲ್ಲಿ ಇದರ ಹೆಸರು ‘ಎಕ್ಸ್‌ಚೇಂಜ್’, ಅಂದರೆ ವಿನಿಮಯ ಕೇಂದ್ರ. ಇಲ್ಲಿ ವಿಮೆ ಮಾರುವುದು ಸರ್ಕಾರವಲ್ಲ. ಅಂಗಡಿ ಸರ್ಕಾರದ್ದು, ಸರಕು ಕಂಪನಿಗಳದ್ದು.

2010ರ ಮಾರ್ಚ್ 23ರಂದು ಅಧ್ಯಕ್ಷ ಬರಾಕ್ ಒಬಾಮ ಸಹಿ ಹಾಕಿದ ‘ಅಫೋರ್ಡಬಲ್ ಕೇರ್ ಆಕ್ಟ್’ ಪ್ರತಿ ರಾಜ್ಯದಲ್ಲಿಯೂ ಇಂತಹ ಮಾರುಕಟ್ಟೆ 2014ರ ಜನವರಿ 1ರ ವೇಳೆಗೆ ಇರಬೇಕೆಂದು ವಿಧಿಸಿತು. ರಾಜ್ಯ ಸ್ವತಃ ಸ್ಥಾಪಿಸದಿದ್ದರೆ ಆ ಕೆಲಸವನ್ನು ಒಕ್ಕೂಟ ಸರ್ಕಾರವೇ ಮಾಡತಕ್ಕದ್ದು. ಈ ಒಂದು ಆಯ್ಕೆಯಿಂದಲೇ ಮುಂದಿನ ಎಲ್ಲ ಯೋಜನೆ, ರಾಜಕೀಯ, ವೆಚ್ಚ ಮತ್ತು ವೈಫಲ್ಯಗಳು ಹುಟ್ಟಿಕೊಂಡವು.

ಕಾಯ್ದೆಗೆ ಮುನ್ನ ಬಹುತೇಕ ರಾಜ್ಯಗಳಲ್ಲಿ, ಮೊದಲೇ ಕಾಯಿಲೆಯಿದ್ದವರಿಗೆ ವೈಯಕ್ತಿಕ ವಿಮೆ ನಿರಾಕರಿಸುವ ಹಕ್ಕು ಕಂಪನಿಗಳಿಗಿತ್ತು. ಕಾಯ್ದೆ ಅದನ್ನು ತೆಗೆದುಹಾಕಿತು. ಆದರೆ ಕಾಯಿಲೆ ಬಂದ ಮೇಲೆ ಮಾತ್ರ ವಿಮೆ ಕೊಳ್ಳುವ ಪ್ರವೃತ್ತಿ ಬೆಳೆಯಬಾರದೆಂದು ವರ್ಷದಲ್ಲಿ ನಿಗದಿತ ಅವಧಿಯಲ್ಲಷ್ಟೇ ನೋಂದಣಿಗೆ ಅವಕಾಶ ನೀಡಿತು. ಆ ಕೆಲವು ವಾರಗಳಲ್ಲಿ ಜಾಲತಾಣ ಕೆಲಸ ಮಾಡದಿದ್ದರೆ ಮಧುಮೇಹಿಯೊಬ್ಬ, ಕ್ಯಾನ್ಸರ್ ರೋಗಿಯೊಬ್ಬ ಮತ್ತೊಂದು ವರ್ಷ ವಿಮೆಯಿಲ್ಲದೆ ಉಳಿಯುವ ಅಪಾಯವಿತ್ತು. ಸರ್ಕಾರಿ ಕಚೇರಿಯ ಬೇರೆ ಯಾವ ಗಣಕೀಕರಣಕ್ಕೂ ಇಷ್ಟು ಕಠಿಣವಾದ ಗಡುವು ಇರಲಿಲ್ಲವೆನ್ನಬಹುದು.

ಮಾದರಿ ಎಲ್ಲಿಂದ ಬಂತು?

ಈ ಕಲ್ಪನೆ ಒಬಾಮ ಅವರದ್ದಲ್ಲ. 2006ರ ಏಪ್ರಿಲ್‌ನಲ್ಲಿ ಮೆಸಾಚುಸೆಟ್ಸ್ ರಾಜ್ಯದ ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ ಸಹಿ ಹಾಕಿದ ಕಾಯ್ದೆಯಿಂದ ‘ಕನೆಕ್ಟರ್’ ಎಂಬ ಪ್ರಾಧಿಕಾರ ಜನ್ಮ ತಾಳಿತು. ವಿಮೆ ಕಡ್ಡಾಯ, ಬಡವರಿಗೆ ಸಹಾಯಧನ, ಖರೀದಿಗೆ ಒಂದೇ ಮಳಿಗೆ ಎಂಬ ಮೂರೂ ಅಂಶಗಳು ಅಲ್ಲಿದ್ದವು. 2012ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅದೇ ರಾಮ್ನಿ ಅದೇ ಮಾದರಿಯ ರಾಷ್ಟ್ರೀಯ ಕಾಯ್ದೆಯನ್ನು ರದ್ದುಪಡಿಸುವುದಾಗಿ ಹೇಳಿ ಸ್ಪರ್ಧಿಸಬೇಕಾಗಿ ಬಂದದ್ದು ಅಮೆರಿಕದ ರಾಜಕೀಯದ ಸೋಜಿಗಗಳಲ್ಲೊಂದು.

ಯೋಜನೆ ರೂಪಿಸಲು ಒಕ್ಕೂಟ ಸರ್ಕಾರ ರಾಜ್ಯಗಳಿಗೆ ತಲಾ 10 ಲಕ್ಷ ಡಾಲರ್‌ವರೆಗೆ ಪ್ರಾರಂಭಿಕ ಅನುದಾನ ನೀಡಿತು. 2010ರಲ್ಲಿ ಬಹುತೇಕ ಎಲ್ಲ ರಾಜ್ಯಗಳೂ, ಕಾಯ್ದೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದ ರಾಜ್ಯಗಳೂ ಸಹ, ಈ ಹಣವನ್ನು ಪಡೆದವು. 2011ರ ಫೆಬ್ರವರಿಯಲ್ಲಿ ತಂತ್ರಾಂಶ ಬೇಗನೆ ಸಿದ್ಧಪಡಿಸಿ ಇತರರಿಗೂ ಹಂಚಲಿ ಎಂಬ ಉದ್ದೇಶದಿಂದ ಕೆಲವು ರಾಜ್ಯಗಳಿಗೆ ದೊಡ್ಡ ಮೊತ್ತ ದೊರೆಯಿತು. ಇವುಗಳಲ್ಲಿ ಒಕ್ಲಹೋಮ 5.4 ಕೋಟಿ ಡಾಲರನ್ನೂ ಕಾನ್ಸಾಸ್ 3.15 ಕೋಟಿ ಡಾಲರನ್ನೂ ಅದೇ ವರ್ಷ ಹಿಂದಿರುಗಿಸಿದವು. 2012ರ ಆರಂಭದಲ್ಲಿ ವಿಸ್ಕಾನ್ಸಿನ್ ಅದೇ ದಾರಿ ಹಿಡಿಯಿತು. ಹಣ ಹಿಂದಿರುಗಿಸಿದ್ದಕ್ಕೆ ಕಾರಣ ತಾಂತ್ರಿಕವಾಗಿರಲಿಲ್ಲ, ಸಂಪೂರ್ಣ ರಾಜಕೀಯವಾಗಿತ್ತು.

2012ರ ಜೂನ್ 28ರವರೆಗೆ ಅನೇಕ ರಾಜ್ಯಗಳು ಸುಪ್ರೀಂ ಕೋರ್ಟ್‌ನ ತೀರ್ಪಿಗಾಗಿ ಕೈಕಟ್ಟಿ ಕುಳಿತಿದ್ದವು. ಕಾಯ್ದೆ ಊರ್ಜಿತವಾಯಿತು. ಆದರೆ ಬಡವರಿಗಾಗಿ ಇರುವ ಸರ್ಕಾರಿ ವಿಮೆ ‘ಮೆಡಿಕೈಡ್’ನ ವಿಸ್ತರಣೆ ರಾಜ್ಯಗಳ ಇಚ್ಛೆಗೆ ಬಿಟ್ಟ ವಿಷಯವಾಯಿತು. ಬಳಿಕ ಗಡುವು ಡಿಸೆಂಬರ್‌ವರೆಗೆ ಮುಂದಕ್ಕೆ ಹೋಯಿತು. 2013ರ ಅಕ್ಟೋಬರ್ 1ರಂದು ನೋಂದಣಿ ಆರಂಭವಾದಾಗ 14 ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್ ಡಿ.ಸಿ. ಮಾತ್ರ ತಮ್ಮದೇ ಜಾಲತಾಣದೊಂದಿಗೆ ಸಿದ್ಧವಾಗಿದ್ದವು. ಉಳಿದ 36 ರಾಜ್ಯಗಳ ಹೊರೆ ಒಕ್ಕೂಟ ಸರ್ಕಾರದ ‘ಹೆಲ್ತ್‌ಕೇರ್ ಡಾಟ್ ಗವ್’ ತಾಣದ ಮೇಲೆ ಬಿತ್ತು. ಆ ತಾಣದಲ್ಲಿ ಮೊದಲ ದಿನ ನೋಂದಣಿ ಪೂರ್ಣಗೊಳಿಸಿದವರು ಕೇವಲ ಆರು ಮಂದಿ.

ಯೋಜನೆಯಲ್ಲಿ ತೀರ್ಮಾನಿಸಬೇಕಾದ್ದೇನು?

ವಿಮಾನದ ಟಿಕೆಟ್ ಮಾರುವ ತಾಣಕ್ಕೂ ಇದಕ್ಕೂ ಹೊರನೋಟಕ್ಕೆ ಸಾಮ್ಯವಿದೆ. 2010ರ ಸುಮಾರಿಗೆ ಈ ಹೋಲಿಕೆಯನ್ನು ಬಹಳ ಜನ ಬಳಸಿದ್ದರು. ಹೋಲಿಕೆ ದಾರಿ ತಪ್ಪಿಸುವಂಥದ್ದು. ಟಿಕೆಟ್ ಕೊಳ್ಳುವವನ ಆದಾಯವೆಷ್ಟು, ಕುಟುಂಬದಲ್ಲಿ ಎಷ್ಟು ಜನ, ಪೌರತ್ವ ಯಾವುದು, ಕಚೇರಿಯಲ್ಲಿ ಬೇರೆ ಟಿಕೆಟ್ ಸಿಗುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ವಿಮಾ ಮಾರುಕಟ್ಟೆ ಇವೆಲ್ಲವನ್ನೂ ಕೇಳಲೇಬೇಕು. ಅಷ್ಟೇ ಅಲ್ಲ, ಉತ್ತರಗಳನ್ನು ಆದಾಯ ತೆರಿಗೆ ಇಲಾಖೆ, ಸಾಮಾಜಿಕ ಭದ್ರತಾ ಆಡಳಿತ ಮತ್ತು ಆಂತರಿಕ ಭದ್ರತಾ ಇಲಾಖೆಯ ದಾಖಲೆಗಳೊಂದಿಗೆ ಅಲ್ಲಿಂದಲ್ಲಿಯೇ ತಾಳೆ ನೋಡಬೇಕು.

ತಾಳೆ ನೋಡಿದ ಬಳಿಕ ಬರುವುದು ಅರ್ಹತೆಯ ನಿರ್ಣಯ. ಮೆಡಿಕೈಡ್ ವಿಸ್ತರಿಸಿದ ರಾಜ್ಯದಲ್ಲಿ ಬಡತನ ರೇಖೆಯ ಶೇ. 138ರವರೆಗೆ ಆದಾಯವುಳ್ಳವರು ಆ ಯೋಜನೆಗೆ ಸೇರುತ್ತಾರೆ, ಅದಕ್ಕಿಂತ ಮೇಲಿನವರು ತೆರಿಗೆ ರಿಯಾಯಿತಿಯ ರೂಪದ ಸಹಾಯಧನದೊಂದಿಗೆ ಖಾಸಗಿ ಪಾಲಿಸಿ ಕೊಳ್ಳುತ್ತಾರೆ. ಮೂಲ ಕಾಯ್ದೆಯಲ್ಲಿ ಸಹಾಯಧನದ ಮಿತಿ ಬಡತನ ರೇಖೆಯ ಶೇ. 400. ಆ ಮಿತಿಯನ್ನು ದಾಟಿದವರಿಗೂ ನೆರವು ನೀಡುವ ಹೆಚ್ಚುವರಿ ಸಹಾಯಧನ 2021ರಲ್ಲಿ ಆರಂಭವಾಗಿ 2025ರ ಅಂತ್ಯದವರೆಗೆ ಇತ್ತು. ಗಂಟೆಗಿಷ್ಟು ಎಂದು ಕೂಲಿ ಪಡೆಯುವ ಕುಟುಂಬವೊಂದು ವರ್ಷದೊಳಗೆ ಎರಡು ಬಾರಿ ಈ ಗೆರೆ ದಾಟಬಹುದು. ಆದ್ದರಿಂದ ಹೊಸ ಜಾಲತಾಣವು ದಶಕಗಳಷ್ಟು ಹಳೆಯದಾದ ಮೆಡಿಕೈಡ್ ಗಣಕ ವ್ಯವಸ್ಥೆಯೊಂದಿಗೆ ಮಾತನಾಡಬೇಕು. ಯೋಜನೆಗಳು ಮುಗ್ಗರಿಸಿದ್ದು ಹೆಚ್ಚಾಗಿ ಈ ಜಾಗದಲ್ಲಿ, ಪಾಲಿಸಿಗಳ ಪಟ್ಟಿ ತೋರಿಸುವ ಸುಲಭದ ಭಾಗದಲ್ಲಲ್ಲ.

ಇನ್ನೊಂದು ತೀರ್ಮಾನ ಮಾರುಕಟ್ಟೆಯ ಸ್ವಭಾವಕ್ಕೆ ಸಂಬಂಧಿಸಿದ್ದು. ನಿಯಮಕ್ಕೆ ಬದ್ಧವಾದ ಎಲ್ಲ ಕಂಪನಿಗಳಿಗೂ ಬಾಗಿಲು ತೆರೆಯಬೇಕೇ, ಅಥವಾ ಚೌಕಾಸಿ ಮಾಡಿ ಆಯ್ದವರನ್ನಷ್ಟೇ ಒಳಬಿಡಬೇಕೇ? ರಾಷ್ಟ್ರೀಯ ಕಾಯ್ದೆಯ ನಂತರ ಮೊದಲು ಶಾಸನ ಮಾಡಿದ ಕ್ಯಾಲಿಫೋರ್ನಿಯಾ ಎರಡನೆಯ ದಾರಿ ಆರಿಸಿತು. 2010ರ ಸೆಪ್ಟೆಂಬರ್‌ನಲ್ಲಿ ಗವರ್ನರ್ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಸಹಿ ಹಾಕಿದ ಕಾಯ್ದೆಯಂತೆ ಐದು ಸದಸ್ಯರ ಸ್ವತಂತ್ರ ಮಂಡಳಿ ರಚನೆಯಾಯಿತು. ‘ಕವರ್ಡ್ ಕ್ಯಾಲಿಫೋರ್ನಿಯಾ’ ಎಂಬ ಹೆಸರಿನ ಈ ಮಾರುಕಟ್ಟೆಯಲ್ಲಿ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ಒಂದೊಂದು ಶ್ರೇಣಿಯ ಪಾಲಿಸಿಯ ಸ್ವರೂಪವೂ ಕಂಪನಿಯಿಂದ ಕಂಪನಿಗೆ ಒಂದೇ ಆಗಿರುವಂತೆ ಮಂಡಳಿ ನಿಗದಿಪಡಿಸಿತು. ಗ್ರಾಹಕ ಹೋಲಿಸಬೇಕಾದ್ದು ವಿಮಾ ಕಂತು ಮತ್ತು ಆಸ್ಪತ್ರೆಗಳ ಜಾಲವನ್ನು ಮಾತ್ರ. ಸಣ್ಣ ಅಕ್ಷರಗಳ ಷರತ್ತು ಓದಲಾಗದ ಸಾಮಾನ್ಯನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಒರೆಗಾನ್ ಮತ್ತು ಕೆಂಟಕಿ

ಒರೆಗಾನ್ ರಾಜ್ಯದಲ್ಲಿ ಹಣ, ಉತ್ಸಾಹ, ಆಡಳಿತ ಪಕ್ಷದ ಬೆಂಬಲ ಯಾವುದಕ್ಕೂ ಕೊರತೆಯಿರಲಿಲ್ಲ. ಗವರ್ನರ್ ಜಾನ್ ಕಿಟ್ಜ್‌ಹೇಬರ್ ಸ್ವತಃ ವೈದ್ಯರು. ವಿಮೆಯ ಜೊತೆಗೆ ರಾಜ್ಯದ ಇತರ ಕಲ್ಯಾಣ ಯೋಜನೆಗಳ ಗಣಕ ವ್ಯವಸ್ಥೆಯನ್ನೂ ಏಕಕಾಲಕ್ಕೆ ಹೊಸದಾಗಿಸುವ ಮಹತ್ವಾಕಾಂಕ್ಷೆ ಅಲ್ಲಿತ್ತು. ಇಂತಹ ಕಾಮಗಾರಿಯಲ್ಲಿ ಬೇರೆ ಬೇರೆ ಭಾಗಗಳನ್ನು ಜೋಡಿಸುವ ಹೊಣೆ ಸಾಮಾನ್ಯವಾಗಿ ಒಂದು ಅನುಭವಿ ಸಂಸ್ಥೆಗೆ ಸೇರಿರುತ್ತದೆ. ಒರೆಗಾನ್ ಆ ಹೊಣೆಯನ್ನು ತಾನೇ ಹೊತ್ತು ತಂತ್ರಾಂಶದ ಕೆಲಸವನ್ನು ಒರಾಕಲ್ ಕಂಪನಿಗೆ ಒಪ್ಪಿಸಿತು. ರಾಜ್ಯದ ಆರೋಗ್ಯ ಪ್ರಾಧಿಕಾರ ಒಂದೆಡೆ, ‘ಕವರ್ ಒರೆಗಾನ್’ ಎಂಬ ಹೊಸ ನಿಗಮ ಇನ್ನೊಂದೆಡೆ. ಕೊನೆಯ ಮಾತು ಯಾರದ್ದೆಂಬುದು ಸ್ಪಷ್ಟವಿರಲಿಲ್ಲ.

ಅಕ್ಟೋಬರ್ 1 ಬಂತು. ತಾಣ ಸಿದ್ಧವಿರಲಿಲ್ಲ. ಸಾಮಾನ್ಯ ನಾಗರಿಕರು ಮನೆಯಲ್ಲಿ ಕುಳಿತು ಆರಂಭದಿಂದ ಅಂತ್ಯದವರೆಗೆ ನೋಂದಣಿ ಮುಗಿಸುವ ಸೌಲಭ್ಯ ಆ ಇಡೀ ಅವಧಿಯಲ್ಲಿ ದೊರೆಯಲೇ ಇಲ್ಲ. ರಾಜ್ಯ ನೂರಾರು ತಾತ್ಕಾಲಿಕ ನೌಕರರನ್ನು ನೇಮಿಸಿಕೊಂಡು ಕಾಗದದ ಅರ್ಜಿಗಳನ್ನು ಕೈಯಿಂದಲೇ ಪರಿಶೀಲಿಸಿತು. ಸುಮಾರು 30 ಕೋಟಿ ಡಾಲರ್ ಅನುದಾನ ಪಡೆದ ಯೋಜನೆ ಹೀಗೆ ಅಂಚೆ ಲಕೋಟೆಗಳಿಗೆ ಇಳಿಯಿತು. 2014ರ ಏಪ್ರಿಲ್‌ನಲ್ಲಿ ಮಂಡಳಿ ತನ್ನ ತಾಣವನ್ನು ಕೈಬಿಟ್ಟು ಒಕ್ಕೂಟದ ತಾಣಕ್ಕೆ ಸೇರಲು ತೀರ್ಮಾನಿಸಿತು. ರಾಜ್ಯವೂ ಕಂಪನಿಯೂ ಪರಸ್ಪರ ಹೂಡಿದ ಮೊಕದ್ದಮೆಗಳು 2016ರಲ್ಲಿ ಸುಮಾರು 10 ಕೋಟಿ ಡಾಲರ್ ಮೌಲ್ಯದ ರಾಜಿಯಲ್ಲಿ ಮುಗಿದವು. ಅದರಲ್ಲಿಯೂ ಹೆಚ್ಚಿನ ಪಾಲು ನಗದಲ್ಲ, ತಂತ್ರಾಂಶ ಮತ್ತು ಸೇವೆಯ ರೂಪದ್ದು.

ಅನುಭವವಿದ್ದ ಮೆಸಾಚುಸೆಟ್ಸ್ ಕೂಡ ಹೊಸ ಕಾಯ್ದೆಗೆ ಹೊಂದುವ ತಾಣ ಕಟ್ಟುವಾಗ 2013ರಲ್ಲಿ ಎಡವಿತು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಕೆಂಟಕಿಯ ಕಥೆ ಬೇರೆ. ಬಡ ಜಿಲ್ಲೆಗಳು ಹೆಚ್ಚಿರುವ ಈ ರಾಜ್ಯದಲ್ಲಿ ಒಬಾಮ ಜನಪ್ರಿಯರಾಗಿರಲಿಲ್ಲ. ಗವರ್ನರ್ ಸ್ಟೀವ್ ಬೆಶಿಯರ್ 2012ರಲ್ಲಿ ಶಾಸನಸಭೆಯನ್ನು ಕಾಯದೆ ಕಾರ್ಯಾದೇಶದ ಮೂಲಕ ಮಾರುಕಟ್ಟೆ ಸ್ಥಾಪಿಸಿ ಅದಕ್ಕೆ ‘ಕೈನೆಕ್ಟ್’ ಎಂಬ ಹೆಸರಿಟ್ಟರು. ಹೆಸರಿನಲ್ಲಿ ಒಬಾಮ ಇಲ್ಲ, ವಾಷಿಂಗ್ಟನ್ ಇಲ್ಲ. ತಾಣದಲ್ಲಿ ಅಲಂಕಾರ ಕಡಿಮೆ. ಖಾತೆ ತೆರೆಯುವ ಮೊದಲೇ ಪಾಲಿಸಿಗಳನ್ನು ನೋಡುವ ಅವಕಾಶವಿದ್ದುದರಿಂದ ಕುತೂಹಲಕ್ಕೆ ಬಂದವರ ಭಾರ ಅರ್ಹತೆ ಪರಿಶೀಲಿಸುವ ಯಂತ್ರದ ಮೇಲೆ ಬೀಳಲಿಲ್ಲ. ಒಕ್ಕೂಟದ ತಾಣ ಮಾಡಿದ್ದು ಇದಕ್ಕೆ ವಿರುದ್ಧವಾದದ್ದನ್ನು, ಮೊದಲು ಖಾತೆ, ಆಮೇಲೆ ದರ. ಮೊದಲ ಋತುವಿನಲ್ಲಿ ಕೈನೆಕ್ಟ್ ಮೂಲಕ 4 ಲಕ್ಷಕ್ಕೂ ಹೆಚ್ಚು ಜನ ನೋಂದಾಯಿಸಿಕೊಂಡರು, ಅವರಲ್ಲಿ ಹೆಚ್ಚಿನವರು ಮೆಡಿಕೈಡ್‌ಗೆ ಅರ್ಹರಾದವರು.

ಆದರೆ ಕಾರ್ಯಾದೇಶದಿಂದ ಕಟ್ಟಿದ್ದನ್ನು ಇನ್ನೊಬ್ಬ ಗವರ್ನರ್ ಸುಲಭವಾಗಿ ಕೆಡವಬಹುದು. 2015ರಲ್ಲಿ ಆಯ್ಕೆಯಾದ ಮ್ಯಾಟ್ ಬೆವಿನ್, ಚೆನ್ನಾಗಿ ನಡೆಯುತ್ತಿದ್ದ ಕೈನೆಕ್ಟ್ ಮಾರುಕಟ್ಟೆಯನ್ನು ಮುಚ್ಚಿ 2017ನೇ ಸಾಲಿಗೆ ಜನರನ್ನು ಒಕ್ಕೂಟದ ತಾಣಕ್ಕೆ ಕಳಿಸಿದರು. ಬೆವಿನ್ ಅವರನ್ನು 2019ರಲ್ಲಿ ಸೋಲಿಸಿದ ಆಂಡಿ ಬೆಶಿಯರ್, ಹಿಂದಿನ ಗವರ್ನರ್ ಬೆಶಿಯರ್ ಅವರ ಪುತ್ರ, 2022ನೇ ಸಾಲಿಗೆ ಅದನ್ನು ಮತ್ತೆ ತೆರೆದರು.

ಖರ್ಚು ಯಾರದ್ದು?

2015ರಿಂದ ಪ್ರತಿ ಮಾರುಕಟ್ಟೆಯೂ ತನ್ನ ಖರ್ಚನ್ನು ತಾನೇ ಭರಿಸಬೇಕೆಂಬುದು ಕಾಯ್ದೆಯ ನಿಯಮ. ಸಾಮಾನ್ಯ ಮಾರ್ಗವೆಂದರೆ ಕಂಪನಿಗಳ ಮೇಲೆ ವಿಮಾ ಕಂತಿನ ಇಂತಿಷ್ಟು ಪಾಲನ್ನು ಶುಲ್ಕವಾಗಿ ವಿಧಿಸುವುದು. ಮೊದಲ ವರ್ಷಗಳಲ್ಲಿ ಒಕ್ಕೂಟದ ತಾಣದ ಶುಲ್ಕ ಶೇ. 3.5 ಇತ್ತು. ಗ್ರಾಹಕರು ಕಡಿಮೆಯಾದರೆ ಶುಲ್ಕವೂ ಕಡಿಮೆ, ಆದರೆ ತಾಣ ನಡೆಸುವ ವೆಚ್ಚ ತಗ್ಗುವುದಿಲ್ಲ. ಹವಾಯಿ ಇದಕ್ಕೆ ನಿದರ್ಶನ. 1974ರ ಕಾಯ್ದೆಯಿಂದಾಗಿ ಅಲ್ಲಿನ ಉದ್ಯೋಗದಾತರೇ ನೌಕರರಿಗೆ ವಿಮೆ ಒದಗಿಸುವ ಪದ್ಧತಿ ಬೇರೂರಿತ್ತು, ಮಾರುಕಟ್ಟೆಗೆ ಬರಬೇಕಾದವರೇ ವಿರಳ. 2015ರಲ್ಲಿ ಅದನ್ನು ಮುಚ್ಚಲಾಯಿತು. ಸಣ್ಣ ರಾಜ್ಯವೊಂದು ಲೆಕ್ಕಪತ್ರದ ಈ ಭಾಗವನ್ನು ಮೊದಲೇ ಪ್ರಾಮಾಣಿಕವಾಗಿ ಬರೆದಿದ್ದರೆ ತಾಣ ಕಟ್ಟುವ ಗೋಜಿಗೇ ಹೋಗುತ್ತಿರಲಿಲ್ಲ.

ಮುಂದೆ ಸಿದ್ಧ ತಂತ್ರಾಂಶ ಬಾಡಿಗೆಗೆ ದೊರೆಯತೊಡಗಿದಾಗ ಲೆಕ್ಕ ತಿರುಗಿತು. ನೆವಾಡ 2020ನೇ ಸಾಲಿಗೆ, ಪೆನ್ಸಿಲ್ವೇನಿಯ ಮತ್ತು ನ್ಯೂಜೆರ್ಸಿ 2021ನೇ ಸಾಲಿಗೆ, ವರ್ಜೀನಿಯ 2024ಕ್ಕೆ, ಜಾರ್ಜಿಯಾ 2025ಕ್ಕೆ ಒಕ್ಕೂಟದ ತಾಣ ಬಿಟ್ಟು ಸ್ವಂತ ಮಾರುಕಟ್ಟೆಗೆ ಬಂದವು. ಶುಲ್ಕದ ಹಣ ರಾಜ್ಯದಲ್ಲೇ ಉಳಿಯುತ್ತದೆ, ನೋಂದಣಿಯ ಅವಧಿಯನ್ನು ಹಿಗ್ಗಿಸುವ ಅಧಿಕಾರವೂ ಸಿಗುತ್ತದೆ ಎಂಬುದು ಇಂತಹ ಬದಲಾವಣೆಯ ಪರವಾಗಿ ಕೇಳಿಬಂದ ವಾದ.

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಬಹುಪಾಲು ವೃತ್ತಿಪರರಿಗೆ ಕಂಪನಿಯಿಂದಲೇ ವಿಮೆ ದೊರೆಯುವುದರಿಂದ ಈ ತಾಣಗಳ ಪರಿಚಯ ಕಡಿಮೆ. ಪರಿಚಯವಾಗುವುದು ಕೆಲಸ ಹೋದಾಗ. ಕಚೇರಿಯ ವಿಮೆ ನಿಂತವರಿಗೆ ವಾರ್ಷಿಕ ಅವಧಿಯ ಹೊರಗೂ 60 ದಿನಗಳ ವಿಶೇಷ ನೋಂದಣಿಗೆ ಅವಕಾಶವಿದೆ. ಹಳೆಯ ವಿಮೆಯನ್ನೇ ಪೂರ್ತಿ ಕಂತು ತೆತ್ತು ಮುಂದುವರಿಸುವ ‘ಕೋಬ್ರಾ’ ವ್ಯವಸ್ಥೆಗಿಂತ ಇದು ಅಗ್ಗವೇ ಎಂದು ಹೋಲಿಸಿ ನೋಡುವುದು ಲೇಸು. ಗ್ರೀನ್ ಕಾರ್ಡ್ ಪಡೆದು ಮಕ್ಕಳ ಬಳಿ ನೆಲೆಸುವ, 65 ದಾಟಿದ ತಂದೆತಾಯಿಗಳದ್ದು ಇನ್ನೊಂದು ಸಂದರ್ಭ. ಅಲ್ಲಿ ದುಡಿದ ದಾಖಲೆಯಿಲ್ಲದವರು ಹಿರಿಯರ ‘ಮೆಡಿಕೇರ್’ ವಿಮೆಯನ್ನು ಹಣ ಕೊಟ್ಟು ಕೊಳ್ಳಲು ಸಹ ಐದು ವರ್ಷ ಸತತವಾಗಿ ಅಲ್ಲಿ ವಾಸಿಸಿರಬೇಕು. ಆ ಐದು ವರ್ಷಗಳಿಗೆ ಅವರು ಮೊರೆಹೋಗಬಹುದಾದ ಬಾಗಿಲುಗಳಲ್ಲಿ ರಾಜ್ಯದ ವಿಮಾ ಮಾರುಕಟ್ಟೆಯೂ ಒಂದು.

ಇತ್ತ ಒರೆಗಾನ್ ಶಾಸನಸಭೆ, ತನ್ನ ತಾಣ ಕೈಬಿಟ್ಟ ಒಂಬತ್ತು ವರ್ಷಗಳ ನಂತರ, 2023ರಲ್ಲಿ ಮತ್ತೆ ಸ್ವಂತ ಮಾರುಕಟ್ಟೆಗೆ ಮರಳುವ ಕಾಯ್ದೆಗೆ ಒಪ್ಪಿಗೆ ನೀಡಿತು. ಅದಕ್ಕೆ ಗೊತ್ತುಪಡಿಸಿದ್ದು 2027ನೇ ಸಾಲು.